ಕೈ ಮಸಿಯಾದರೇನು?

ಪಾದರಕ್ಷೆ ಹೊಲಿದ ಹರಳಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರಿನ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಸೌದೆಯ ಹೊರೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯ — ಹನ್ನೆರಡನೆಯ ಶತಮಾನದ ಈ ಶರಣರ ಹೆಸರುಗಳನ್ನು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಬಸವ ಜಯಂತಿಯಂದು ಅದೇ ಮಕ್ಕಳು ಇವರ ವೇಷ ಧರಿಸಿ ವೇದಿಕೆಯೇರಿದಾಗ ನಾವೆಲ್ಲರೂ ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಮಗುವೇ ಬೆಳೆದು, ಹದಿನಾರರ ಹರೆಯದಲ್ಲಿ ಸ್ಪಾನರ್ ಹಿಡಿದು, ಉಗುರಿನ ಸಂದಿಯಲ್ಲಿ ಮಸಿ ತುಂಬಿಕೊಂಡು ಬಂದು, "ನನಗೆ ಈ ಕೆಲಸವೇ ಇಷ್ಟ" ಎಂದರೆ, ಚಪ್ಪಾಳೆ ತಟ್ಟಿದ ಕೈಗಳೇ ಹಣೆಗೆ ಹೋಗುತ್ತವೆ. ಕಾಯಕದ ಮಹಿಮೆಯನ್ನು ವೇದಿಕೆಯ ಮೇಲೆ ಕೊಂಡಾಡುವಷ್ಟು ಸುಲಭವಾಗಿ ಮನೆಯ ಮಗನ ಕೈಯಲ್ಲಿ ಅದನ್ನು ಒಪ್ಪಿಕೊಳ್ಳಲು ನಮ್ಮ ಸಮಾಜಕ್ಕೆ ಇನ್ನೂ ಆಗಿಲ್ಲ. ಈ ಮಾತಿನ ಪರೀಕ್ಷೆ ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ಲಿನ ನೆಪದಲ್ಲಿ ನಡೆಯಿತು. ಹರೆಯದ ಮಕ್ಕಳಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪರದೇಶಗಳಲ್ಲಿ ತಂದೆ ಅಥವಾ ತಾಯಿ ತಮ್ಮ ಬೆಳೆದ ಮಕ್ಕಳೊಡನೆ ಕೂಡಿ, ಎಲ್ಲಿಯೋ ತುಕ್ಕು ಹಿಡಿದು ನಿಂತ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು, ರಜಾ ದಿನಗಳಲ್ಲಿ ಅದನ್ನು ಬಿಚ್ಚಿ, ತೊಳೆದು, ಜೋಡಿಸಿ ಮರಳಿ ರಸ್ತೆಗೆ ತರುವ ಪದ್ಧತಿಯುಂಟು. ನಮ್ಮ ನಾಡಿನಲ್ಲಿ ಹಳೆಯ ಕಾರುಗಳ ಚೆಲುವನ್ನು ಕಾಣಬೇಕಾದರೆ ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯಕ್ಕೆ ಹೋಗಬೇಕು. ಭತ್ತ, ಮೆಕ್ಕೆಜೋಳ, ಅಡಿಕೆಗಳನ್ನು ನಂಬಿ ಬಾಳುವ ಶಿಕಾರಿಪುರ, ಸೊರಬ ಸೀಮೆಯ ಮನೆಗಳಿಗೆ ಸ್ಪೋರ್ಟ್ಸ್ ಕಾರು ದೂರದ ಮಾತೇ ಸರಿ. ಆದರೆ ನಮ್ಮ ಕೊಟ್ಟಿಗೆಗಳ ಮೂಲೆಯಲ್ಲಿ ಗೋಣಿಚೀಲ ಹೊದ್ದು, ಕೋಳಿಗಳಿಗೆ ಗೂಡಾಗಿ ನಿಂತ ಹಳೆಯ ಬಂಡಿಗಳು ಈಗಲೂ ಅಲ್ಲಲ್ಲಿ ಇವೆ. ಅವುಗಳಲ್ಲಿ ಕನ್ನಡ ನಾಡಿನದೇ ಆದದ್ದು ಜಾವಾ.

ಜಾವಾ ಎಂಬುದು ಮೂಲತಃ ಚೆಕ್ ದೇಶದ ಹೆಸರು. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಎಂಬ ಕಂಪನಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ೧೯೨೯ರಲ್ಲಿ ಕಟ್ಟಿದ ಪದವದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ತಯಾರಿಕೆಯನ್ನು ಆರಂಭಿಸಿತು. ಇರಾನಿ ಮನೆತನದವರು ಸ್ಥಾಪಿಸಿದ ಈ ಉದ್ಯಮಕ್ಕೆ ಶ್ರೀ ಜಯಚಾಮರಾಜ ಒಡೆಯರ ಬೆಂಬಲವಿತ್ತು. ಎಪ್ಪತ್ತರ ದಶಕದಲ್ಲಿ ಬಂಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಎಂಬತ್ತರ ದಶಕದಲ್ಲಿ ಜಪಾನಿ ಸಹಯೋಗದ, ಕಡಿಮೆ ಪೆಟ್ರೋಲ್ ಕುಡಿಯುವ ನೂರು ಸಿ.ಸಿ. ಬಂಡಿಗಳು ಬಂದ ಮೇಲೆ ಮೈಸೂರಿನ ಬಂಡಿಗೆ ಬೇಡಿಕೆ ಇಳಿಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಹೆಸರುಗಳು ಬೇರೆ ಕಂಪನಿಯಿಂದ, ಹೊಸ ಇಂಜಿನ್ನಿನೊಡನೆ ಮಾರುಕಟ್ಟೆಗೆ ಮರಳಿದವು. ಆದರೂ ಜುಲೈ ತಿಂಗಳ ಎರಡನೆಯ ಭಾನುವಾರ ಊರೂರುಗಳಲ್ಲಿ ಅಭಿಮಾನಿಗಳು ಕೂಡಿ ಹಳೆಯ ಬಂಡಿಗಳ ದಿನವನ್ನು ಆಚರಿಸುವುದು ಆ ಯಾದವಗಿರಿಯ ನೆನಪಿನಿಂದಲೇ.

ನಾವು ಕೊಂಡದ್ದು ೧೯೬೯ರ ಜಾವಾ. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ದೂರದ ಬಂಧುಗಳಾದ ಶಾಲಾ ಮೇಷ್ಟ್ರೊಬ್ಬರು ಅದನ್ನು ಮೂವತ್ತು ವರ್ಷ ಓಡಿಸಿದ್ದರು. ಅವರು ಲಿಂಗೈಕ್ಯರಾದ ಮೇಲೆ ಬಂಡಿ ದನದ ಕೊಟ್ಟಿಗೆ ಸೇರಿತ್ತು. ನಂಬರ್ ಪ್ಲೇಟಿನ ಮೇಲೆ ಹಳೆಯ ಮೈಸೂರು ರಾಜ್ಯದ 'ಎಂ.ವೈ.' ಅಕ್ಷರಗಳು, ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರಲ್ಲಷ್ಟೆ. ಮೇಷ್ಟ್ರ ಮಡದಿ, ಎಂಬತ್ತು ದಾಟಿದ ಅಜ್ಜಿ, ಬಂಡಿಯನ್ನು ಗುಜರಿಗೆ ಕೊಡಲು ಒಪ್ಪಿರಲಿಲ್ಲ. "ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳಿದ್ರು ತಮ್ಮಾ. ಸಂಜೆ ಹೊತ್ತು ಇದರ ಸದ್ದು ಕೆರೆ ಏರಿ ಮೇಲೆ ಕೇಳಿಸ್ತಿದ್ದ ಹಾಗೇ ನಾನು ಚಹಾಕ್ಕೆ ನೀರಿಡ್ತಿದ್ದೆ. ಅದನ್ನ ತೂಕಕ್ಕೆ ಹ್ಯಾಂಗೆ ಕೊಡ್ಲಿ?" ಎಂದರು. ಕೊನೆಗೆ ₹೨೫,೦೦೦ಕ್ಕೆ ಮಾತಾಯಿತು. ಜೊತೆಗೊಂದು ಕರಾರು: ಬಂಡಿ ಸರಿಯಾದ ಮೇಲೆ ಒಮ್ಮೆ ತಂದು ಸದ್ದು ಕೇಳಿಸಬೇಕು.

ಆಗ ನಮ್ಮ ಮಗ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ. ಓದಿನಲ್ಲಿ ಹಿಂದಲ್ಲ. ಆದರೆ ಬೋರಿನ ಪಂಪು ಕೆಟ್ಟರೆ, ಮಿಕ್ಸಿ ನಿಂತರೆ, ಪುಸ್ತಕ ಮುಚ್ಚಿಟ್ಟು ಬಂದು ನಿಲ್ಲುವ ಸ್ವಭಾವ. ಪಿ.ಯು.ಸಿ. ವಿಜ್ಞಾನವೋ ಮೆಕ್ಯಾನಿಕಲ್ ಡಿಪ್ಲೊಮಾವೋ ಎಂಬ ಚರ್ಚೆ ಮನೆಯಲ್ಲಿ ಆರಂಭವಾಗಿ, ಮಾತು ಬಿರುಸಾಗಿ, ಕೆಲವು ದಿನ ಊಟದ ಹೊತ್ತಿನಲ್ಲಿ ಮೌನವೇ ಉಳಿದಿತ್ತು. ಬಂಡಿ ಕೊಳ್ಳುವಾಗ ಅವನೊಡನೆ ಮೂರು ಮಾತು ಮಾಡಿಕೊಂಡೆವು. ಪ್ರತಿಯೊಂದು ಕೆಲಸವನ್ನೂ ಇಬ್ಬರೂ ಕೂಡಿಯೇ ಮಾಡಬೇಕು. ಖರ್ಚಿನ ಪೈಸೆ ಪೈಸೆಯನ್ನೂ ತಾಯಿಯ ಲೆಕ್ಕದ ಪುಸ್ತಕದಲ್ಲಿ ಬರೆಸಬೇಕು. ಹದಿನೆಂಟು ತುಂಬಿ ಲೈಸೆನ್ಸ್ ಬರುವವರೆಗೆ ಬಂಡಿಯನ್ನು ಓಡಿಸುವಂತಿಲ್ಲ.

ಇಂತಹ ಬಂಡಿ ಕೊಳ್ಳುವವರು ಮೊದಲು ನೋಡಬೇಕಾದುದು ಹೊಳಪನ್ನಲ್ಲ, ಕಾಗದಪತ್ರಗಳನ್ನು. ನೋಂದಣಿ ಪುಸ್ತಕದಲ್ಲಿರುವ ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಬಂಡಿಯ ಮೇಲಿನ ಅಚ್ಚಿಗೆ ತಾಳೆಯಾಗಬೇಕು. ಒಡೆಯರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ನಮೂನೆ ೩೧ರಲ್ಲಿ ವರ್ಗಾವಣೆಯಾಗಿ, ಅನಂತರ ೨೯ ಮತ್ತು ೩೦ರ ಮೂಲಕ ಕೊಂಡವರ ಹೆಸರಿಗೆ ಬರಬೇಕು. ಖಾಸಗಿ ವಾಹನದ ನೋಂದಣಿಗೆ ೧೫ ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ ೨೦೨೧ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ಅದರಂತೆ ಹೊಸದಾಗಿ ವಿಂಟೇಜ್ ನೋಂದಣಿಗೆ ₹೨೦,೦೦೦ ಶುಲ್ಕ, ೧೦ ವರ್ಷದ ಅವಧಿ. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಬಳಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಆದ್ದರಿಂದ ನಾವು ಸಾಮಾನ್ಯ ನವೀಕರಣದ ದಾರಿಯನ್ನೇ ಹಿಡಿದೆವು.

ಗೂಡ್ಸ್ ಆಟೋದಲ್ಲಿ ಮಲಗಿ ಸೊರಬದಿಂದ ಶಿರಾಳಕೊಪ್ಪದ ಮೇಲಾಗಿ ಶಿಕಾರಿಪುರಕ್ಕೆ ಬಂದ ಬಂಡಿಯ ಪಿಸ್ಟನ್ ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಶಿರಾಳಕೊಪ್ಪದಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರಿದ್ದಾರೆ. ಹರೆಯದಿಂದಲೂ ಜಾವಾ, ಯೆಜ್ಡಿಗಳನ್ನೇ ಬಿಚ್ಚಿ ಕಟ್ಟಿದವರು. ಅವರು ಬಂದು ನೋಡಿ, ಪ್ಲಗ್ ತೆಗೆದು, ಆ ರಂಧ್ರದಲ್ಲಿ ಸೀಮೆಎಣ್ಣೆ, ಡೀಸೆಲ್ ಬೆರೆಸಿ ಸುರಿಸಿದರು. "ಎಂಟು ದಿನ ಇದನ್ನ ಮುಟ್ಟಬೇಡಿ" ಎಂದು ಹೇಳಿ ಹೊರಟೇಬಿಟ್ಟರು. ಬೆರಳ ತುದಿಯಲ್ಲಿ ಎಲ್ಲವೂ ಕ್ಷಣಕ್ಕೆ ದೊರೆಯುವ ಕಾಲದ ಹುಡುಗನಿಗೆ ಅದೇ ಮೊದಲನೆಯ ಪಾಠ. ಒಂಬತ್ತನೆಯ ದಿನ ಬಂಡಿಯನ್ನು ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲನೆ ಅಲುಗಿಸಿದಾಗ, ಒಳಗೆ ಏನೋ ಕೂದಲೆಳೆಯಷ್ಟು ಸರಿಯಿತು. ಮಗ ನಮ್ಮ ಮುಖ ನೋಡಿದ. ಹಲವು ವಾರಗಳ ಮೇಲೆ ಅವನ ನಗು ಕಂಡದ್ದು ಅಂದೇ.

ಜಾವಾದ ಇಂಜಿನ್ ಎರಡು ಸ್ಟ್ರೋಕಿನದು. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಮ್ಮೆ ಇಂಧನ ಉರಿಯುತ್ತದೆ. ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಇಂಜಿನ್ನಿನ ಒಳಭಾಗಕ್ಕೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿಯೇ ಲೀಟರಿಗೆ ೪೦ ಮಿಲಿ ಲೀಟರಿನಷ್ಟು ಎಣ್ಣೆ ಬೆರೆಸಬೇಕು. ತೋಟದ ಕಳೆ ಕೊಚ್ಚುವ ಯಂತ್ರಕ್ಕೆ ಎಣ್ಣೆ ಬೆರೆಸಿ ಅಭ್ಯಾಸವಿರುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಎಡಗಡೆಯ ಒಂದೇ ಲಿವರು ಗೇರೂ ಹೌದು, ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕೂ ಹೌದು. ಹಿಂದಿನ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುವುದರಿಂದ ನಮ್ಮ ಕೆಸರು ದಾರಿಗಳಲ್ಲಿ ಬಹುಕಾಲ ಬಾಳುತ್ತದೆ. ವಿದ್ಯುತ್ತು ಆರು ವೋಲ್ಟಿನದು. ಕಿಡಿ ಕೊಡುವ ಪಾಯಿಂಟುಗಳ ನಡುವಿನ ಸಂದು ೦.೪ ಮಿಲಿ ಮೀಟರ್. ಅಷ್ಟು ಸಣ್ಣ ಅಂತರ ಹೆಚ್ಚು ಕಡಿಮೆಯಾದರೆ ಅಷ್ಟು ದೊಡ್ಡ ಬಂಡಿ ಅಲ್ಲಾಡುವುದಿಲ್ಲವೆಂಬುದನ್ನು ಮಗ ಕೈಯಾರೆ ಕಂಡುಕೊಂಡ.

ನಮ್ಮ ಮನೆಯವರು ಮೊದಮೊದಲು ದೂರವೇ ನಿಂತಿದ್ದರು. ಬಿಚ್ಚಿದ ಸ್ಕ್ರೂಗಳು ಅಂಗಳದಲ್ಲಿ ಚೆಲ್ಲಾಡುವುದನ್ನು ಕಂಡು, ಹಳೆಯ ಒಗ್ಗರಣೆ ಡಬ್ಬಿಯೊಂದನ್ನು ತಂದಿಟ್ಟರು. ಸಾಸಿವೆ ಇರುತ್ತಿದ್ದ ಬಟ್ಟಲಿಗೆ ಕಾರ್ಬೊರೇಟರಿನ ತಿರುಪುಗಳು, ಜೀರಿಗೆಯ ಬಟ್ಟಲಿಗೆ ಕ್ಲಚ್ಚಿನ ಕವಚದವು. ಒಂದೂ ಕಳೆಯಲಿಲ್ಲ. ಲೆಕ್ಕದ ಪುಸ್ತಕವೂ ಅವರದೇ. ಪೆಟ್ರೋಲ್ ಟ್ಯಾಂಕಿನ ಕ್ರೋಮ್ ಮಂಕಾಗಿತ್ತು; ಹೊಸದಾಗಿ ಮಾಡಿಸಬೇಕೆಂದು ಮಗ ಹಟ ಹಿಡಿದ. ಅವರು ಲೆಕ್ಕ ತೋರಿಸಿ, ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. "ಬ್ರೇಕು ಬೇಕು, ಟೈರು ಬೇಕು. ಇದು ಬೇಕೋ, ಬರೀ ಆಸೆಯೋ ನೀನೇ ಹೇಳು ಮಗಾ" ಎಂದರು. ಟ್ಯಾಂಕು ಮಂಕಾಗಿಯೇ ಉಳಿಯಿತು; ಆ ಹಣ ಬ್ರೇಕ್ ಶೂ, ಹೊಸ ವೈರಿಂಗಿಗೆ ಹೋಯಿತು. ಶಿವಮೊಗ್ಗದ ಲೇತಿನಲ್ಲಿ ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ರಿಂಗುಗಳು, ಕ್ಲಚ್ಚಿನ ಬೆಂಡಿನ ಪ್ಲೇಟುಗಳು, ಆಯಿಲ್ ಸೀಲುಗಳು, ಟೈರುಗಳು — ಎಲ್ಲವೂ ಸೇರಿ ದುರಸ್ತಿಗೆ ತಗುಲಿದ್ದು ₹೪೩,೬೦೦.

ಜೂನ್ ಬಂತು. ಇಂಜಿನ್ ಇನ್ನೂ ಅಂಗಳದ ಹಲಗೆಯ ಮೇಲೆ ತುಂಡು ತುಂಡಾಗಿತ್ತು. ಕಾಲೇಜಿಗೆ ಸೇರಿಸುವ ದಿನಗಳು ಮಾತ್ರ ಕಾಯುವಂತಿರಲಿಲ್ಲ. ಆ ವೇಳೆಗೆ ಆನವಟ್ಟಿಯ ಬಂಧುಗಳ ಗೃಹಪ್ರವೇಶಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಕುಳಿತಾಗ ಎದುರು ಸಾಲಿನ ಹಿರಿಯರೊಬ್ಬರು ಮಗನ ಉಗುರುಗಳನ್ನು ನೋಡಿ, "ಏನಪ್ಪಾ, ಓದೋ ಹುಡುಗನ್ನ ಗ್ಯಾರೇಜಿಗೆ ಹಚ್ಚಿದ್ದೀಯಂತೆ?" ಎಂದು ನಮ್ಮನ್ನು ಕೇಳಿದರು. ಮಾತಿನಲ್ಲಿ ಕೆಡುಕಿರಲಿಲ್ಲ. ಆದರೂ ಅಕ್ಕಪಕ್ಕದವರು ತಿರುಗಿ ನೋಡಿದರು. ಮಗ ಎರಡೂ ಕೈಗಳನ್ನು ಎಲೆಯ ಮೇಲಿಂದ ತೆಗೆದು ತೊಡೆಯ ಮೇಲೆ ಮುಚ್ಚಿಟ್ಟುಕೊಂಡ. ನಾವು ನಮ್ಮ ಕೈಗಳನ್ನು ಎಲೆಯ ಮೇಲೆ ಚಾಚಿ, "ಅವನೊಬ್ಬನನ್ನೇ ಹಚ್ಚಿಲ್ಲ ದೊಡ್ಡಪ್ಪಾ, ಇಬ್ಬರೂ ಹಚ್ಚಿಕೊಂಡಿದ್ದೇವೆ, ನೋಡಿ" ಎಂದೆವು. ನಮ್ಮ ಉಗುರುಗಳೂ ಅಷ್ಟೇ ಕಪ್ಪಾಗಿದ್ದವು. ಅವರು ನಕ್ಕು ಸುಮ್ಮನಾದರು. ಪಾಯಸ ಬಡಿಸುವ ವೇಳೆಗೆ ಮಗನ ಕೈಗಳು ಎಲೆಯ ಮೇಲೆ ಬಂದಿದ್ದವು.

ಅಂದಿನ ರಾತ್ರಿ ಲಿಂಗಪೂಜೆಯ ತರುವಾಯ ಮೂವರೂ ಕುಳಿತು ಮಾತಾಡಿದೆವು. "ಅಪ್ಪಾಜಿ, ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ದಾರಿ ಮುಚ್ಚಿಹೋಗೋದಿಲ್ಲ" ಎಂದು ಮಗ ತಾನೇ ವಿಚಾರಿಸಿ ತಂದದ್ದನ್ನು ಮುಂದಿಟ್ಟ. ಈ ಮಾಹಿತಿ ಅನೇಕ ಪಾಲಕರಿಗೆ ತಿಳಿದಿರುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇವೆ. ಆದರೆ ನಮ್ಮನ್ನು ಒಪ್ಪಿಸಿದ್ದು ಮಾಹಿತಿಯಲ್ಲ. ಎರಡು ತಿಂಗಳು ಪಕ್ಕದಲ್ಲಿ ಕುಳಿತು ಅವನ ಕೆಲಸವನ್ನು ಕಂಡಿದ್ದೆವು. ಕಿಕ್ಕಿನ ಸ್ಪ್ರಿಂಗು ತಪ್ಪಾಗಿ ಕುಳಿತು, ಎಡಗಡೆಯ ಕವಚವನ್ನು ಮೂರು ಸಲ ಬಿಚ್ಚಬೇಕಾಗಿ ಬಂದಾಗ ಅವನು ಸಿಡುಕಿರಲಿಲ್ಲ. ಆ ದಿನ ಮೇಸ್ತ್ರಿ ಪಕ್ಕದಲ್ಲೇ ಇದ್ದರೂ ಕೈ ಹಚ್ಚಲಿಲ್ಲ. "ನಾನು ಕೂರಿಸಿದ್ರೆ ಗಾಡಿ ಸರಿಯಾಗ್ತದೆ, ಹುಡುಗನ ಕೈ ಸರಿಯಾಗಲ್ಲ" ಎಂದಿದ್ದರು. ಅಂಕಪಟ್ಟಿಯಲ್ಲಿ ಕಾಣದ ಆ ತಾಳ್ಮೆ, ಶ್ರದ್ಧೆಗಳನ್ನು ಕಣ್ಣಾರೆ ಕಂಡ ಮೇಲೆ, ಬಂಡಿ ಓಡೀತೋ ಇಲ್ಲವೋ ತಿಳಿಯುವ ಮೊದಲೇ, ಮಗನನ್ನು ಡಿಪ್ಲೊಮಾಕ್ಕೆ ಸೇರಿಸಿದೆವು.

ಮಳೆಗಾಲದಲ್ಲಿ ಬಣ್ಣದ ಕೆಲಸ ನಿಂತಿತು. ವೈರಿಂಗ್, ಚಕ್ರದ ಕಡ್ಡಿಗಳ ಕೆಲಸ ಭಾನುವಾರಗಳಲ್ಲಿ ಸಾಗಿತು. ಸಂಕ್ರಾಂತಿಯ ಮರುವಾರ, ಇಪ್ಪತ್ತು ಸಲವಾದರೂ ಕಿಕ್ ಹೊಡೆದ ಮೇಲೆ, ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಎದ್ದು, ಆ ಪರಿಚಿತ ಡುಬು ಡುಬು ಸದ್ದು ಕೇರಿಗೆಲ್ಲ ಕೇಳಿಸಿತು. ನೆರೆಮನೆಯ ಹಿರಿಯರು, "ಜಾವಾ ಅಲ್ಲವೇನ್ರೀ?" ಎಂದು ಕಾಂಪೌಂಡಿನಾಚೆಯಿಂದಲೇ ಕೂಗಿದರು.

ನವೀಕರಣ, ವಿಮೆ, ಹೊಗೆ ತಪಾಸಣೆಯ ಪತ್ರ ಎಲ್ಲವೂ ಕೈಸೇರಿದ ಮೇಲೆ, ಫೆಬ್ರವರಿಯ ಒಂದು ಭಾನುವಾರ ಸೊರಬದ ಕಡೆ ಹೊರಟೆವು. ಇಬ್ಬರ ತಲೆಗೂ ಹೆಲ್ಮೆಟ್, ಮಗ ಹಿಂದೆ. ಶಿರಾಳಕೊಪ್ಪದ ಬಳಿ ಬಳ್ಳಿಗಾವೆಗೆ ತಿರುಗಿ ಕೇದಾರೇಶ್ವರನ ಗುಡಿಯ ಮುಂದೆ ಇಂಜಿನ್ ತಣಿಸಿಕೊಂಡೆವು. ಅಲ್ಲಮಪ್ರಭುದೇವರ ಊರದು, ಅಕ್ಕಮಹಾದೇವಿಯವರ ಉಡುತಡಿಯೂ ಇದೇ ಸೀಮೆಯದು. ಅನುಭವ ಮಂಟಪದ ಶೂನ್ಯಪೀಠವನ್ನೇರಿದ ಪ್ರಭುದೇವರು ಮದ್ದಳೆ ನುಡಿಸುವ ಕೈಯವರಾಗಿದ್ದರೆಂಬ ಐತಿಹ್ಯವನ್ನು ಮಗನಿಗೆ ಅಲ್ಲಿ ಹೇಳಿದೆವು. ಅವನು ಏನೂ ಹೇಳದೆ ಪ್ಲಗ್ಗಿನ ವೈರು ಸಡಿಲವಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಹಳ್ಳಿ ತಲುಪಿದಾಗ ಅಜ್ಜಿ ಬಾಗಿಲಲ್ಲಿರಲಿಲ್ಲ. ಒಳಗೆ ಹೋದರೆ ಒಲೆಯ ಮೇಲೆ ಚಹಾದ ನೀರು ಮರಳುತ್ತಿತ್ತು. ಅವರು ಹೊರಬಂದು ಮಂಕಾದ ಟ್ಯಾಂಕನ್ನು ಸೆರಗಿನಿಂದ ಒರೆಸಿ, ಮಗನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. "ಮೇಷ್ಟ್ರ ಕೈಯೂ ಭಾನುವಾರ ಹೀಂಗೇ ಇರ್ತಿತ್ತು ಮರಿ. ಸೀಗೆಪುಡಿ ಹಾಕಿ ತಿಕ್ಕು, ಹೋಗ್ತದೆ" ಎಂದರು.

ಈಗ ಮಗನಿಗೆ ೧೭ ವರ್ಷ. ಹದಿನಾರು ತುಂಬಿದವರಿಗೆ ಕಾಯಿದೆ ಅನುಮತಿಸುವುದು ೫೦ ಸಿ.ಸಿ. ಮೀರದ, ಗೇರಿಲ್ಲದ ಬಂಡಿಯನ್ನು ಮಾತ್ರ. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಸೇರಿದ ೧೯೯-ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ₹೨೫,೦೦೦ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹಳ್ಳಿಯ ದಾರಿಯಲ್ಲಿ ಯಾರು ನೋಡುತ್ತಾರೆಂದು ಮಕ್ಕಳ ಕೈಗೆ ಬೀಗದ ಕೈ ಕೊಡುವ ತಂದೆ ತಾಯಿಗಳು ಇದನ್ನು ನೆನಪಿನಲ್ಲಿಡಬೇಕು. ಹೆಮ್ಮೆಯಿಂದ ಹೇಳಬಹುದಾದ ಸಂಗತಿಯೆಂದರೆ, ನಮ್ಮ ಮಗ ತಾನು ಓಡಿಸಲಾಗದ ಬಂಡಿಯನ್ನು ವಾರಕ್ಕೊಮ್ಮೆ ಒರೆಸಿ, ಎಣ್ಣೆ ಬಿಟ್ಟು, ಬ್ಯಾಟರಿ ನೋಡಿ ನಿಲ್ಲಿಸುತ್ತಾನೆ. ಫಲ ಕೈಗೆ ಬರುವ ಮೊದಲೇ ಕೆಲಸದಲ್ಲಿ ಸಂತೋಷ ಕಾಣುವುದನ್ನು ನಾವು ಮಾತಿನಲ್ಲಿ ಕಲಿಸಲಾಗುತ್ತಿರಲಿಲ್ಲ.

ಶರಣಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಎಲ್ಲರೂ ಜಾವಾ ಕೊಳ್ಳಬೇಕಾಗಿಲ್ಲ. ಅಟ್ಟದ ಮೇಲಿನ ಹೊಲಿಗೆ ಯಂತ್ರ, ಅಜ್ಜನ ಕಾಲದ ರೇಡಿಯೋ, ತೋಟದ ಮನೆಯ ಹಳೆಯ ಪಂಪು ಯಾವುದಾದರೂ ಆದೀತು. ಮಗನೇ ಆಗಲಿ ಮಗಳೇ ಆಗಲಿ, ಅವರೊಡನೆ ನಾವೂ ಕೂತು ಬಿಚ್ಚಬೇಕು. ದುಡ್ಡು ಕೊಟ್ಟು ಅವರೊಬ್ಬರನ್ನೇ ಬಿಡುವುದರಲ್ಲಿ ಅರ್ಥವಿಲ್ಲ. ಹಳೆಯ ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ತೊಳೆದು ಆವಿ ಹೋಗದ ಹೊರತು ಬೆಸುಗೆಗೆ ಕೊಡಬಾರದು, ಗಾಳಿಯಾಡದ ಕೋಣೆಯಲ್ಲಿ ಇಂಜಿನ್ ಹಚ್ಚಬಾರದು ಎಂಬ ಎಚ್ಚರಗಳು ದೊಡ್ಡವರು ಜೊತೆಗಿದ್ದರೆ ಮಾತ್ರ ಪಾಲನೆಯಾಗುತ್ತವೆ. ಇನ್ನು, ಮಠದ ಪ್ರಸಾದದ ಪಂಕ್ತಿಯಲ್ಲಿಯೋ ಮದುವೆಮನೆಯಲ್ಲಿಯೋ ಉಗುರು ಕಪ್ಪಾದ ಹುಡುಗನೊಬ್ಬ ಎದುರಿಗೆ ಕುಳಿತರೆ, "ಯಾವ ಕೆಲಸ ಕಲೀತಿದ್ದೀಯಪ್ಪಾ?" ಎಂದು ಅಕ್ಕರೆಯಿಂದ ಕೇಳೋಣ. ಅವನ ಕೈ ಎಲೆಯ ಮೇಲೆಯೇ ಉಳಿಯಲಿ.